ಉಪ್ಪು, ಸಕ್ಕರೆ ಮತ್ತು ನೀರು: ಜೀವಕೋಶ ಪೊರೆಯ ಬಾಗಿಲು ತೆರೆಯುವ ಬಗೆ

ವಾಂತಿಭೇದಿಯಿಂದ ಬಳಲಿದ ಮಗುವಿಗೆ ಬರೀ ನೀರು ಕುಡಿಸಿದರೆ ಸಾಲದು, ಉಪ್ಪು ಮತ್ತು ಸಕ್ಕರೆಯನ್ನು ನಿಗದಿತ ಪ್ರಮಾಣದಲ್ಲಿ ಬೆರೆಸಿದ ನೀರನ್ನು ಕುಡಿಸಬೇಕೆಂದು ವೈದ್ಯರು ಹೇಳುತ್ತಾರೆ. ಕಳೆದುಹೋದ ಲವಣವನ್ನು ತುಂಬಲು ಉಪ್ಪು ಬೇಕೆಂಬುದು ಯಾರಿಗಾದರೂ ಅರ್ಥವಾಗುವ ಮಾತು. ಆದರೆ ಸಕ್ಕರೆ ಏಕೆ? ರುಚಿಗಾಗಿ ಅಥವಾ ಶಕ್ತಿಗಾಗಿ ಎಂಬುದು ಸಾಮಾನ್ಯ ನಂಬಿಕೆ. ಮುಖ್ಯ ಕಾರಣ ಅವೆರಡೂ ಅಲ್ಲ. ಉತ್ತರವಿರುವುದು ಕರುಳಿನ ಜೀವಕೋಶಗಳನ್ನು ಆವರಿಸಿರುವ ತೆಳುವಾದ ಪೊರೆಯಲ್ಲಿ.

ಎರಡು ಪದರಗಳ ರಚನೆ

ಪ್ರತಿಯೊಂದು ಜೀವಕೋಶಕ್ಕೂ ಪೊರೆಯ ಹೊದಿಕೆಯಿರುತ್ತದೆ. ಇದರ ದಪ್ಪ 5ರಿಂದ 10 ನ್ಯಾನೋಮೀಟರ್ ಮಾತ್ರ. ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಸುಮಾರಾಗಿ ಒಂದು ಕಾಗದದ ಹಾಳೆಯಷ್ಟು ದಪ್ಪವಾದೀತು.

ಪೊರೆಯ ಮೂಲವಸ್ತು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳು. ಇವುಗಳ ತಲೆಯ ಭಾಗಕ್ಕೆ ನೀರೆಂದರೆ ಪ್ರೀತಿ, ಬಾಲದ ಭಾಗಕ್ಕೆ ನೀರೆಂದರೆ ದೂರ. ಆದ್ದರಿಂದ ನೀರಿನಲ್ಲಿ ಅವು ತಾವಾಗಿಯೇ ಎರಡು ಪದರಗಳಾಗಿ ಜೋಡಣೆಗೊಳ್ಳುತ್ತವೆ. ತಲೆಗಳು ಹೊರಗಿನ ಮತ್ತು ಒಳಗಿನ ನೀರಿನತ್ತ ಮುಖ ಮಾಡಿದರೆ, ಬಾಲಗಳು ನಡುವೆ ಅಡಗುತ್ತವೆ. ನೆದರ್ಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು 1925ರಲ್ಲಿ ಕೆಂಪು ರಕ್ತಕಣಗಳ ಕೊಬ್ಬನ್ನು ನೀರಿನ ಮೇಲೆ ಹರಡಿ ಅಳೆದು, ಅದು ಕಣಗಳ ಮೇಲ್ಮೈಗಿಂತ ಎರಡರಷ್ಟು ವಿಸ್ತಾರವಾಗಿದೆಯೆಂದು ಕಂಡು ಈ ಇಮ್ಮಡಿ ಪದರವನ್ನು ಸೂಚಿಸಿದರು. ಈ ಪದರವು ಗಟ್ಟಿ ಗೋಡೆಯಲ್ಲ, ಎಣ್ಣೆಯಂತೆ ಹರಿದಾಡುವ ಹಾಸು, ಅದರಲ್ಲಿ ಪ್ರೋಟೀನುಗಳು ತೇಲುತ್ತಿರುತ್ತವೆ ಎಂಬ ಇಂದು ಬಳಕೆಯಲ್ಲಿರುವ ಚಿತ್ರವನ್ನು ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಮಂಡಿಸಿದರು.

ಬಾಗಿಲು ಕಾಯುವ ಪ್ರೋಟೀನುಗಳು

ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ಕೊಬ್ಬಿನ ಪದರವನ್ನು ಸುಲಭವಾಗಿ ದಾಟುತ್ತವೆ. ಆದರೆ ಉಪ್ಪಿನಲ್ಲಿರುವ ಸೋಡಿಯಂ ಅಯಾನುಗಳಾಗಲಿ, ಗ್ಲೂಕೋಸ್ ಆಗಲಿ ಹಾಗೆ ದಾಟಲಾರವು. ಅವುಗಳಿಗೆ ಪೊರೆಯಲ್ಲಿ ನೆಲೆಸಿದ ಪ್ರೋಟೀನುಗಳೇ ಬಾಗಿಲು. ಯಾವ ವಸ್ತು, ಯಾವಾಗ, ಯಾವ ದಿಕ್ಕಿಗೆ ಸಾಗಬೇಕೆಂಬುದು ಈ ಬಾಗಿಲುಗಳಿಂದ ತೀರ್ಮಾನವಾಗುತ್ತದೆ.

ಇವುಗಳಲ್ಲಿ ಒಂದು ಸೋಡಿಯಂ-ಪೊಟ್ಯಾಸಿಯಂ ಪಂಪು. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಗುರುತಿಸಿದ ಈ ಪ್ರೋಟೀನು, ಜೀವಕೋಶದ ಶಕ್ತಿಯನ್ನು ವ್ಯಯಿಸಿ ಮೂರು ಸೋಡಿಯಂ ಅಯಾನುಗಳನ್ನು ಹೊರದೂಡಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಹೀಗಾಗಿ ಕೋಶದೊಳಗೆ ಸೋಡಿಯಂ ಸದಾ ಕಡಿಮೆ. ಹೊರಗಿನ ಸೋಡಿಯಂ ಒಳನುಗ್ಗಲು ಕಾದಿರುತ್ತದೆ.

ಸಣ್ಣ ಕರುಳಿನ ಕೋಶಪೊರೆಯಲ್ಲಿ ಇನ್ನೊಂದು ವಿಶೇಷ ಬಾಗಿಲಿದೆ. ಎರಡು ಸೋಡಿಯಂ ಅಯಾನುಗಳೂ ಒಂದು ಗ್ಲೂಕೋಸ್ ಅಣುವೂ ಜೊತೆಯಾಗಿ ಬಂದರಷ್ಟೇ ಅದು ಅವನ್ನು ಒಳಬಿಡುತ್ತದೆ. ಅವೆರಡೂ ಒಳಸೇರಿದಾಗ ನೀರು ಹಿಂಬಾಲಿಸುತ್ತದೆ. ಈ ಜೋಡಿ ಸಾಗಾಟದ ವಿಚಾರವನ್ನು ಅಮೆರಿಕದ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಮ್ಮೇಳನವೊಂದರಲ್ಲಿ ಮಂಡಿಸಿದರು.

ಕಾಲರಾ ಮಾಡುವುದೇನು?

ಕಾಲರಾ ರೋಗಾಣು ಒಂದು ವಿಷವನ್ನು ಸ್ರವಿಸುತ್ತದೆಂದು ಕೋಲ್ಕತ್ತದ ಶಂಭುನಾಥ ಡೇ 1959ರಲ್ಲಿ ತೋರಿಸಿಕೊಟ್ಟರು. ಈ ವಿಷವು ಕರುಳಿನ ಕೋಶಪೊರೆಯ ಕ್ಲೋರೈಡ್ ಬಾಗಿಲುಗಳನ್ನು ತೆರೆದೇ ಇಡುವಂತೆ ಮಾಡುತ್ತದೆ. ಕ್ಲೋರೈಡ್ ಕರುಳಿನೊಳಕ್ಕೆ ಸುರಿಯುತ್ತದೆ. ಅದರ ಬೆನ್ನಿಗೆ ಸೋಡಿಯಂ ಮತ್ತು ನೀರು ಹೊರಹರಿಯುತ್ತವೆ. ತೀವ್ರ ಕಾಲರಾದಲ್ಲಿ ವಯಸ್ಕರ ದೇಹದಿಂದ ಗಂಟೆಗೆ ಒಂದು ಲೀಟರಿನವರೆಗೂ ದ್ರವ ನಷ್ಟವಾಗಬಹುದು. ಚಿಕಿತ್ಸೆಯಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಸಾವು ಸಂಭವಿಸಬಹುದು.

ಆದರೆ ಸೋಡಿಯಂ-ಗ್ಲೂಕೋಸ್ ಜೋಡಿ ಬಾಗಿಲಿಗೆ ಈ ವಿಷ ತಟ್ಟುವುದಿಲ್ಲ. ಒಂದೆಡೆ ನೀರು ಸೋರುತ್ತಿದ್ದರೂ ಇನ್ನೊಂದೆಡೆಯಿಂದ ಒಳಸೇರಿಸಲು ಸಾಧ್ಯವಿದೆ. ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ 1968ರಲ್ಲಿ ಕಾಲರಾ ರೋಗಿಗಳಿಗೆ ಇಂತಹ ದ್ರಾವಣವನ್ನು ಕುಡಿಸಿ ಇದನ್ನು ದೃಢಪಡಿಸಿದರು.

ನಿಜವಾದ ಪರೀಕ್ಷೆ ಎದುರಾದದ್ದು 1971ರಲ್ಲಿ. ಬಾಂಗ್ಲಾ ವಿಮೋಚನಾ ಯುದ್ಧದ ನಿರಾಶ್ರಿತರಿಂದ ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹರಡಿತ್ತು. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸ್, ಅಡುಗೆ ಉಪ್ಪು ಮತ್ತು ಅಡುಗೆ ಸೋಡಗಳ ಮಿಶ್ರಣವನ್ನು ನೀರಿನಲ್ಲಿ ಕರಗಿಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ರೋಗಿಗಳಿಗೆ ಅದನ್ನು ಕುಡಿಸಿದವರು ಬಹುಪಾಲು ಅವರ ಮನೆಯವರೇ. ಸುಮಾರು ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇ. 3.6ಕ್ಕೆ ಇಳಿಯಿತು. 2022ರಲ್ಲಿ ನಿಧನರಾದ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಲಾಯಿತು.

ಪ್ರಮಾಣವೇ ಪ್ರಧಾನ

ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಶಿಫಾರಸು ಮಾಡುತ್ತಿರುವ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರಬೇಕು. ಇದು ಸುಮ್ಮನೆ ಗೊತ್ತುಪಡಿಸಿದ ಲೆಕ್ಕವಲ್ಲ. ಸಕ್ಕರೆ ಹೆಚ್ಚಾದರೆ ಕರುಳಿನೊಳಗಿನ ದ್ರವ ಸಾಂದ್ರವಾಗಿ, ದೇಹದ ನೀರನ್ನೇ ತನ್ನತ್ತ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ತಂಪು ಪಾನೀಯ, ಸಿಹಿ ಹಣ್ಣಿನ ರಸಗಳು ಓ.ಆರ್.ಎಸ್.ಗೆ ಬದಲಿಯಾಗಲಾರವು. ಈ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓ.ಆರ್.ಎಸ್. ಎಂಬ ಪದ ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದ್ದು ಇದೇ ಹಿನ್ನೆಲೆಯಲ್ಲಿ.

ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿನಲ್ಲಿ ಕರಗಿಸುವುದಾಗಲಿ, ರುಚಿಗೆಂದು ಮೇಲೆ ಸಕ್ಕರೆ ಬೆರೆಸುವುದಾಗಲಿ ಸಲ್ಲದು. ಪೊಟ್ಟಣದ ಮೇಲೆ ಸೂಚಿಸಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ, ಸ್ವಲ್ಪಸ್ವಲ್ಪವಾಗಿ ಪದೇ ಪದೇ ಕುಡಿಸಬೇಕು. ಮಗು ಮಂಕಾದರೆ, ಕುಡಿಯಲಾರದಂತಾದರೆ, ಕಣ್ಣುಗಳು ಗುಳಿ ಬಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.