ನೆರಳಿಲ್ಲದ ನಡುಹಗಲು

ಪಾಂಡವಪುರದ ಬಳಿಯ ತೊಣ್ಣೂರಿಗೆ ಹೋದವರು ನಂಬಿನಾರಾಯಣನ ದರ್ಶನ ಮಾಡಿ, ರಾಮಾನುಜಾಚಾರ್ಯರ ಕಥೆಯನ್ನು ಕೇಳಿ, ಬೆಟ್ಟಗಳ ನಡುವಣ ಕೆರೆಯ ತಿಳಿನೀರನ್ನು ಕಂಡು ಹಿಂದಿರುಗುವುದು ವಾಡಿಕೆ. ತಿರುಮಲಸಾಗರವೆಂದೂ ಮೋತಿ ತಲಾಬ್ ಎಂದೂ ಹೆಸರಾದ ಆ ಕೆರೆಯ ಏರಿಯ ಮೇಲೆ ನೋಡತಕ್ಕ ಸೋಜಿಗ ಇನ್ನೊಂದುಂಟು. ಅದಕ್ಕೆ ದೂರದರ್ಶಕ ಬೇಡ. ನೆಟ್ಟಗೆ ನಿಲ್ಲಿಸಿದ ಒಂದು ಕೋಲು ಸಾಕು.

ಹಗಲು ಹನ್ನೆರಡಾಯಿತೆಂದರೆ ಸೂರ್ಯ ನೆತ್ತಿಗೆ ಬಂದನೆನ್ನುತ್ತೇವೆ. ಈ ಮಾತಿನಲ್ಲಿ ತಪ್ಪುಗಳು ಎರಡು. ನಮ್ಮ ಗಡಿಯಾರಗಳು ತೋರುವುದು 82½ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು. ತೊಣ್ಣೂರು ಅದಕ್ಕೆ ಸುಮಾರು 6 ಡಿಗ್ರಿ ಪಶ್ಚಿಮದಲ್ಲಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕಾದುದರಿಂದ, ಏಪ್ರಿಲ್ ಕೊನೆಯಲ್ಲಿ ಇಲ್ಲಿಯ ನಿಜವಾದ ನಡುಹಗಲು 12 ಗಂಟೆ 22 ನಿಮಿಷದ ಸುಮಾರಿಗೆ. ಆಗಲೂ ಸೂರ್ಯನು ಸರಿಯಾಗಿ ನೆತ್ತಿಯ ಮೇಲಿರುವುದು ವರ್ಷಕ್ಕೆ ಎರಡೇ ಸಲ: ಏಪ್ರಿಲ್ 23 ಮತ್ತು ಆಗಸ್ಟ್ 19ರ ಆಸುಪಾಸಿನಲ್ಲಿ. ಆ ಹೊತ್ತು ಕೋಲಿನ ನೆರಳು ಬುಡದಲ್ಲಿಯೇ ಅಡಗುತ್ತದೆ. ಈ ಎರಡು ದಿನಗಳ ನಡುವೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬಿದ್ದರೆ, ಉಳಿದ ಕಾಲದಲ್ಲಿ ಉತ್ತರಕ್ಕೆ.

ಇದಕ್ಕೆ ಕಾರಣ ಭೂಮಿಯ ಓರೆ. ಸೂರ್ಯನಿಂದ ಮೂರನೆಯ ಗ್ರಹವಾದ ನಮ್ಮ ಭೂಮಿ ಸರಾಸರಿ 15 ಕೋಟಿ ಕಿಲೋಮೀಟರ್ ದೂರದಲ್ಲಿ, 23½ ಡಿಗ್ರಿ ಓರೆಯಾಗಿ ಸುತ್ತುತ್ತಿದೆ. ಬೇಸಗೆಯಲ್ಲಿ ಸೂರ್ಯನು ಹತ್ತಿರ ಬರುವನೆಂದು ತಿಳಿಯಬಾರದು. ನಾವು ಅವನಿಗೆ ಅತಿ ಸಮೀಪದಲ್ಲಿರುವುದು ಚಳಿಯ ಜನವರಿ ಮೊದಲಲ್ಲಿ; ಅತಿ ದೂರದಲ್ಲಿರುವುದು ಜುಲೈ ಮೊದಲಲ್ಲಿ.

ತೊಣ್ಣೂರಿನ ಈ ಕೋಲು ಭೂಮಿಯನ್ನೇ ಅಳೆಯಬಲ್ಲದು. ಇಲ್ಲಿಂದ ಹೆಚ್ಚುಕಡಮೆ ನೇರ ಉತ್ತರಕ್ಕೆ, 310 ಕಿಲೋಮೀಟರಿನಾಚೆ ಹಂಪೆ ಇದೆ. ಇಲ್ಲಿ ನೆರಳು ಇಲ್ಲವಾದ ನಡುಹಗಲಿನಲ್ಲಿ ಅಲ್ಲಿ ಒಂದು ಮೀಟರ್ ಕೋಲು ಸುಮಾರು 5 ಸೆಂಟಿಮೀಟರ್ ನೆರಳನ್ನು ಚೆಲ್ಲುತ್ತದೆ. ಅಂದರೆ 2.8 ಡಿಗ್ರಿಯ ಕೋನ. ಅಷ್ಟು ಕೋನಕ್ಕೆ 310 ಕಿಲೋಮೀಟರ್ ಆದರೆ 360 ಡಿಗ್ರಿಗೆ ಎಷ್ಟು? ಸುಮಾರು 40,000 ಕಿಲೋಮೀಟರ್! ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೋಸ್ಥನೀಸನು ಈಜಿಪ್ಟಿನಲ್ಲಿ ಇದೇ ಉಪಾಯದಿಂದ ಭೂಮಿಯ ಸುತ್ತಳತೆಯನ್ನು ಕಂಡುಕೊಂಡನು.

ಕೆರೆಯ ಏರಿಯ ಮೇಲೆ ಕುಳಿತವನಿಗೆ ತಾನು ನಿಶ್ಚಲನೆಂದೇ ತೋರುತ್ತದೆ. ಆದರೆ ಭೂಮಿಯ ತಿರುಗುವಿಕೆಯಿಂದ ಅವನು ಗಂಟೆಗೆ ಸುಮಾರು 1,630 ಕಿಲೋಮೀಟರ್ ಪೂರ್ವಕ್ಕೆ ಸಾಗುತ್ತಿದ್ದಾನೆ. ಸೂರ್ಯನ ಸುತ್ತ ಗಂಟೆಗೆ ಲಕ್ಷ ಕಿಲೋಮೀಟರಿಗೂ ಮಿಗಿಲಾಗಿ. ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡವೇ ಹಿಂದಕ್ಕೆ ಸರಿದಂತೆ ಕಾಣುವುದಷ್ಟೆ? ನಕ್ಷತ್ರಗಳ ಓಟವೂ ಹಾಗೆಯೇ ಎಂದು ಕ್ರಿ.ಶ. 499ರ ಸುಮಾರಿಗೆ ಆರ್ಯಭಟನು ವಿವರಿಸಿದ್ದನು. ಕಣ್ಣಿಗೆ ವಿರುದ್ಧವಾದ ಆ ಮಾತನ್ನು ಅನಂತರದ ದೊಡ್ಡ ಪಂಡಿತರೇ ಒಪ್ಪಲಿಲ್ಲ. ಭೂಮಿ ಸೂರ್ಯನನ್ನು ಸುತ್ತುವುದೆಂಬ ಕೊಪರ್ನಿಕಸನ ಗ್ರಂಥವಂತೂ ಹೊರಬಂದುದು 1543ರಲ್ಲಿ.

ಕಂಡದ್ದೆಲ್ಲವೂ ನಿಜವಲ್ಲ; ಆದರೆ ನಿಜವನ್ನು ತಿಳಿಯಲು ಕಾಣುವುದರಿಂದಲೇ ತೊಡಗಬೇಕು. ಆಗಸ್ಟಿನಲ್ಲಿ ಮೋಡದ ಕಾಟವುಂಟು. ಆದ್ದರಿಂದ ಬರುವ ಏಪ್ರಿಲ್ 23ರಂದು ಮಕ್ಕಳನ್ನು ಕರೆದುಕೊಂಡು ತೊಣ್ಣೂರಿನ ಏರಿಯ ಮೇಲೆ ಕೋಲೊಂದನ್ನು ನೆಡಿರಿ. ನೆರಳು ಅಡಗುವ ಆ ಗಳಿಗೆಯಲ್ಲಿ, ವಿಶಾಲ ಗಗನದಲ್ಲಿ ನಾವು ನಿಂತಿರುವ ಎಡೆ ಯಾವುದೆಂಬುದು ಅವರಿಗೂ ನಮಗೂ ಒಟ್ಟಿಗೇ ಹೊಳೆದೀತು.