ಚೀನಾದೇಶದ ಪ್ರತಿಷ್ಠಾಪನ ಕಲಾವಿದ ಐ ವೇವೇ

ಪ್ರತಿಷ್ಠಾಪನೆ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮವರ ಮನಸ್ಸು ಗುಡಿಯ ಕಡೆಗೆ ಹೊರಳುವುದು ಸಹಜ. ‘ಸ್ಥಾ’ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ನಿಲ್ಲಿಸುವುದು, ನೆಲೆಗೊಳಿಸುವುದು ಎಂದರ್ಥ. ಒಮ್ಮೆ ಪ್ರತಿಷ್ಠಾಪಿಸಿದುದನ್ನು ಕದಲಿಸಬಾರದೆಂಬುದು ಲೋಕರೂಢಿ. ಆದರೆ ಇಂದಿನ ಕಲಾವಿಮರ್ಶಕರು ‘ಪ್ರತಿಷ್ಠಾಪನ ಕಲೆ’ ಎಂದು ಯಾವುದನ್ನು ಕರೆಯುತ್ತಾರೆಯೋ ಅದು ಬಹುಮಟ್ಟಿಗೆ ಕೆಲವು ತಿಂಗಳು ಒಂದು ಸಭಾಂಗಣದಲ್ಲಿದ್ದು, ಅನಂತರ ಕಳಚಿಕೊಂಡು ಪೆಟ್ಟಿಗೆ ಸೇರಿ ಬೇರೊಂದು ಊರಿಗೆ ಹೊರಡುವಂಥದು. ಹೆಸರು ಸ್ಥಾವರದ್ದು, ನಡೆ ಜಂಗಮದ್ದು. ಇದು ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಪೀಠದ ಮೇಲಣ ಶಿಲ್ಪವೂ ಅಲ್ಲ. ನೋಡುವವನು ಒಳಹೊಕ್ಕು ಸುತ್ತ ನಡೆದಾಡುವಂತೆ ಒಂದು ಸ್ಥಳವನ್ನೇ ಕಲಾಕೃತಿಯಾಗಿ ಮಾರ್ಪಡಿಸುವ ವಿಧಾನ.

ಇಂಥ ಕಲೆಯಲ್ಲಿ ನನಗೆ ಆದರವಿರಲಿಲ್ಲವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇನೆ. ಕಳೆದ ಬೇಸಿಗೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಇಂಜಿನಿಯರನಾಗಿರುವವನು, ಮನೆಗೆ ಬಂದಾಗ ಒಂದು ಛಾಯಾಚಿತ್ರವನ್ನು ಮುಂದಿಟ್ಟು, “ಗುರುಗಳೇ, ಇದೇನಿರಬಹುದು, ಹೇಳಿ” ಎಂದ. ವಿಶಾಲವಾದ ಕೋಣೆಯ ನೆಲದ ತುಂಬ ಕಬ್ಬಿಣದ ಸರಳುಗಳನ್ನು ಒತ್ತೊತ್ತಾಗಿ ಪೇರಿಸಿತ್ತು. “ಯಾರೋ ಮನೆ ಕಟ್ಟಿಸಲು ತಂದಿಳಿಸಿದ ಕಂಬಿ” ಎಂದು ನಕ್ಕೆ. “ಅಲ್ಲ, ಭೂಕಂಪದಲ್ಲಿ ಕುಸಿದ ಶಾಲೆಗಳ ಕಂಬಿಗಳು” ಎಂದ. ನನ್ನ ನಗೆ ಅಲ್ಲಿಗೇ ನಿಂತಿತು. ಆ ಕೃತಿಯ ಕರ್ತೃವಾದ ಐ ವೇವೇ ಅವರ ಜೀವನವನ್ನೂ ಕಾರ್ಯವನ್ನೂ ನಾನು ತಿಳಿದಮಟ್ಟಿಗೆ ಈ ಸಂಚಿಕೆಯ ವಾಚಕರಲ್ಲಿ ನಿವೇದಿಸುತ್ತಿದ್ದೇನೆ.

ಐ ವೇವೇ 1957ರಲ್ಲಿ ಬೀಜಿಂಗ್ ನಗರದಲ್ಲಿ ಜನಿಸಿದರು. ತಂದೆ ಐ ಚಿಂಗ್ ಚೀನಾದ ಆಧುನಿಕ ಕವಿಗಳಲ್ಲಿ ಅಗ್ರಗಣ್ಯರೆನಿಸಿದವರು. ಮಗ ಹುಟ್ಟಿದ ಸುಮಾರಿಗೆ ಆ ದೇಶದಲ್ಲಿ ‘ಬಲಪಂಥೀಯ’ರೆಂಬ ಹೆಸರಿನಲ್ಲಿ ವಿದ್ವಜ್ಜನರ ಮೇಲೆ ದಮನ ಆರಂಭವಾಯಿತು. 1958ರಲ್ಲಿ ಕವಿಯ ಕುಟುಂಬ ಗಡೀಪಾರಾಗಿ, ಮೊದಲು ಈಶಾನ್ಯದ ಕಾಡುನಾಡಿಗೂ ಆಮೇಲೆ ವಾಯವ್ಯದ ಷಿನ್‌ಜಿಯಾಂಗ್ ಮರುಭೂಮಿಗೂ ಹೋಗಬೇಕಾಯಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನೆಲವನ್ನಗೆದು ಮಾಡಿದ ಗವಿಯಲ್ಲಿ ಅವರ ವಾಸ; ಸಾರ್ವಜನಿಕ ಪಾಯಖಾನೆಗಳನ್ನು ತೊಳೆಯುವುದು ಆ ಮಹಾಕವಿಗೆ ವಿಧಿಸಿದ ಕೆಲಸ. ಅದನ್ನೂ ಅವರು ಅಚ್ಚುಕಟ್ಟಾಗಿ ಮಾಡುತ್ತಿದ್ದರೆಂದು ಮಗ ಸ್ಮರಿಸಿಕೊಂಡಿದ್ದಾರೆ. ಪ್ರಾಣಭಯದಿಂದ ಕವಿ ತಮ್ಮ ಪುಸ್ತಕಗಳನ್ನು ತಾವೇ ಸುಡಬೇಕಾಗಿ ಬಂದಾಗ ಬೆಂಕಿಗೆ ಹಾಳೆ ನೀಡಿದ ಕೈಗಳಲ್ಲಿ ಈ ಬಾಲಕನದೂ ಒಂದು. ಕುಟುಂಬ ಬೀಜಿಂಗಿಗೆ ಮರಳಿದ್ದು 1976ರಲ್ಲಿ.

1981ರಲ್ಲಿ ಅಮೆರಿಕಕ್ಕೆ ತೆರಳಿದ ಐ ವೇವೇ ಹನ್ನೆರಡು ವರ್ಷ ಅಲ್ಲಿದ್ದು, ತಂದೆ ಅಸ್ವಸ್ಥರಾದುದರಿಂದ 1993ರಲ್ಲಿ ಹಿಂದಿರುಗಿದರು. 1995ರಲ್ಲಿ ಅವರು ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಹಾನ್ ವಂಶದ ಕಾಲದ ಮಡಕೆಯೊಂದನ್ನು ಬೇಕೆಂದೇ ನೆಲಕ್ಕೆ ಬಿಟ್ಟು ಒಡೆದು, ಮೂರು ಛಾಯಾಚಿತ್ರಗಳಲ್ಲಿ ಆ ಕ್ರಿಯೆಯನ್ನು ದಾಖಲಿಸಿದರು. ಪರಂಪರೆಯನ್ನು ಹಾಳುಗೆಡವಿದ ರಾಜಕಾರಣಕ್ಕೆ ಇದು ಕನ್ನಡಿಯೆಂದು ವ್ಯಾಖ್ಯಾನಿಸುವವರಿದ್ದಾರೆ. ಹುಳು ತಿಂದ ತಾಳೆಗರಿಯ ಒಂದೊಂದು ಅಕ್ಷರಕ್ಕಾಗಿ ಕಣ್ಣು ಸವೆಸಿದ ನನ್ನಂಥವನಿಗೆ ಆ ವ್ಯಾಖ್ಯಾನ ರುಚಿಸದು. ದೊಡ್ಡವರ ಎಲ್ಲ ಕೃತ್ಯಗಳನ್ನೂ ಮೆಚ್ಚಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಮೇಲೆ ಹೇಳಿದ ಕಂಬಿಗಳ ವಿಚಾರಕ್ಕೆ ಬರೋಣ. 2008ರ ಮೇ 12ರಂದು ಸೋಮವಾರ ಮಧ್ಯಾಹ್ನ 2 ಗಂಟೆ 28 ನಿಮಿಷಕ್ಕೆ ಚೀನಾದ ಸಿಚುವಾನ್ ಪ್ರಾಂತದಲ್ಲಿ ಮಹಾಭೂಕಂಪ ಸಂಭವಿಸಿತು. ಮಕ್ಕಳು ತರಗತಿಗಳಲ್ಲಿ ಕುಳಿತಿದ್ದ ಹೊತ್ತು. ಸತ್ತವರೂ ಕಾಣೆಯಾದವರೂ ಸೇರಿ 80 ಸಾವಿರಕ್ಕೂ ಹೆಚ್ಚು. ಎಷ್ಟೋ ಊರುಗಳಲ್ಲಿ ಸುತ್ತಲಿನ ಕಟ್ಟಡಗಳು ನಿಂತಿದ್ದು ಶಾಲೆಯೇ ನೆಲಸಮವಾಗಿತ್ತು. ಕಳಪೆ ಕಟ್ಟಡಕ್ಕೆ ಚೀನೀಯರು ‘ತೋಫುವಿನ ಗಸಿ’ ಎನ್ನುತ್ತಾರೆ. ಸೋಯಾ ಅವರೆಯ ಹಾಲನ್ನು ಹಿಂಡಿದ ಮೇಲೆ ಉಳಿಯುವ ಚರಟವೆಂದು ತಾತ್ಪರ್ಯ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ಬಾಯಲ್ಲಿ ಈ ಮಾತೇ. ಭೂಕಂಪದ ತೀವ್ರತೆಯೇ ಕಾರಣವೆಂಬುದು ಅಧಿಕಾರಿಗಳ ಉತ್ತರ. ಕಂಬಿ ಎಷ್ಟು ಬಿದ್ದಿದೆಯೆಂಬುದನ್ನು ಗಾರೆ ಮುಚ್ಚಿಬಿಡುತ್ತದೆ. ಶಾಲಾಕಟ್ಟಡಗಳಿಗೆ ಉದಾರವಾಗಿ ದಾನವಿತ್ತ ಮಹನೀಯರೂ ಈ ಪುಟಗಳನ್ನು ಓದುವರಾದ್ದರಿಂದ ಇದನ್ನು ಸ್ವಲ್ಪ ಒತ್ತಿ ಹೇಳಿದೆ.

ಅಳಿದ ಮಕ್ಕಳು ಎಷ್ಟು? ಅವರ ಹೆಸರೇನು? ಉತ್ತರ ಕೊಡುವವರಿರಲಿಲ್ಲ. 2008ರ ಕೊನೆಯಲ್ಲಿ ಐ ವೇವೇ ‘ನಾಗರಿಕ ತನಿಖೆ’ಯೆಂಬ ಕಾರ್ಯವನ್ನು ಕೈಗೊಂಡು ಸ್ವಯಂಸೇವಕರನ್ನು ಹಳ್ಳಿಹಳ್ಳಿಗೆ ಕಳುಹಿಸಿದರು. ಅವರು ಮನೆಮನೆಯ ಬಾಗಿಲು ತಟ್ಟಿ ಕೇಳಿ ಬರೆದುಕೊಂಡರು. ಪೊಲೀಸರು ತಡೆದರು, ಹಿಡಿದಿಟ್ಟರು, ಬರೆದುದನ್ನು ಕಸಿದುಕೊಂಡರು. ಹಾಗಿದ್ದೂ 5 ಸಾವಿರಕ್ಕೂ ಮಿಕ್ಕ ಹೆಸರುಗಳು ಸಂಗ್ರಹವಾದವು. 2009ರ ಮೇ ತಿಂಗಳಲ್ಲಿ ಸರ್ಕಾರವೂ 5,335 ವಿದ್ಯಾರ್ಥಿಗಳು ಮೃತರಾದರು ಇಲ್ಲವೇ ಕಾಣೆಯಾದರೆಂದು ಒಂದು ಸಂಖ್ಯೆಯನ್ನು ಪ್ರಕಟಿಸಿತು. ಅದೇ ವರ್ಷದ ಆಗಸ್ಟಿನಲ್ಲಿ, ಇಂಥದೇ ತನಿಖೆ ನಡೆಸಿ ವಿಚಾರಣೆಗೆ ಗುರಿಯಾಗಿದ್ದ ತಾನ್ ಜುವೊರೆನ್ ಎಂಬವರ ಪರವಾಗಿ ಸಾಕ್ಷಿ ನುಡಿಯಲು ಐ ವೇವೇ ಚೆಂಗ್ಡು ನಗರಕ್ಕೆ ಹೋದಾಗ, ರಾತ್ರಿ ತಂಗಿದ್ದ ಕೋಣೆಗೆ ನುಗ್ಗಿದ ಪೊಲೀಸರಿಂದ ತಲೆಗೆ ಪೆಟ್ಟು ಬಿದ್ದಿತು. ಮರುತಿಂಗಳು ಜರ್ಮನಿಯ ಮ್ಯೂನಿಕ್ ನಗರದಲ್ಲಿದ್ದಾಗ ಮಿದುಳಿನ ರಕ್ತಸ್ರಾವಕ್ಕಾಗಿ ಶಸ್ತ್ರಚಿಕಿತ್ಸೆ ನಡೆಯಿತು.

ಆ ನಗರಕ್ಕೆ ಹೋದದ್ದು ತಮ್ಮ ಪ್ರದರ್ಶನಕ್ಕಾಗಿ. ಅಲ್ಲಿನ ಕಲಾಭವನದ ಮುಂಗೋಡೆಯುದ್ದಕ್ಕೂ ಅವರು ಐದು ಬಣ್ಣಗಳ 9,000 ಪಾಟೀಚೀಲಗಳನ್ನು ಜೋಡಿಸಿ, ಅವುಗಳಿಂದಲೇ ಚೀನೀ ಲಿಪಿಯಲ್ಲಿ ಒಂದು ವಾಕ್ಯವನ್ನು ಮೂಡಿಸಿದರು. ತನ್ನ ಮಗಳು ಈ ಲೋಕದಲ್ಲಿ ಏಳು ವರ್ಷ ಸಂತೋಷದಿಂದ ಬಾಳಿದಳೆಂದು ತಾಯಿಯೊಬ್ಬಳು ಹೇಳಿದ ಮಾತದು. ಕುಸಿದ ಶಾಲೆಗಳ ಬಳಿ ಮಣ್ಣಿನಲ್ಲಿ ಚೆಲ್ಲಿಬಿದ್ದಿದ್ದ ಚೀಲಗಳನ್ನು ಅವರು ಕಣ್ಣಾರೆ ಕಂಡಿದ್ದರು.

ಕಂಬಿಗಳ ಕೃತಿಗೆ ‘ನೇರ’ವೆಂದು ಹೆಸರು. ಭಗ್ನಾವಶೇಷಗಳಲ್ಲಿ ತಿರುಚಿ ನುಲಿದುಹೋಗಿದ್ದ ಸರಳುಗಳನ್ನು ಕೊಂಡುತಂದು, ಒಂದೊಂದನ್ನೂ ಕೆಲಸಗಾರರ ಕೈಯಿಂದ ಬಡಿಸಿ ನೆಟ್ಟಗೆ ಮಾಡಿಸಿದರು. ಒಟ್ಟು ಸುಮಾರು 150 ಟನ್. 2008ರಿಂದ 2012ರವರೆಗೆ ಈ ಕೆಲಸ ನಡೆಯಿತು. ನೆಟ್ಟಗಾದ ಸರಳುಗಳನ್ನು ಏರುತಗ್ಗಾಗಿ ಪೇರಿಸಿದಾಗ ನಡುವೆ ಭೂಮಿ ಬಿರಿದಂತೆ ಒಂದು ಸೀಳು ಕಾಣುತ್ತದೆ. ಇಲ್ಲಿ ಕಲಾವಿದ ಹೊಸದಾಗಿ ರಚಿಸಿದ್ದೇನು ಎಂದು ಯಾರಾದರೂ ಕೇಳಬಹುದು. ಕಂಬಿ ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೋ ಹಾಗೆಯೇ ಆಗಿದೆ, ಅಷ್ಟೆ. ಆದರೆ ಅದು ನೆಟ್ಟಗಾಗಿ ಮಲಗಿರುವುದನ್ನು ಕಂಡಾಗಲೇ ಅದು ಬಾಗಿದ ದಿನದ ನೆನಪಾಗುವುದು. ಮುಖ್ಯಾರ್ಥ ಬಾಧಿತವಾಗಿ ಲಕ್ಷಣೆ, ಅದರಾಚೆಗೆ ವ್ಯಂಜನೆಯೆಂದು ನಮ್ಮ ಆಲಂಕಾರಿಕರು ಹೇಳುವ ಕ್ರಮ ಶಬ್ದಕ್ಕೆ ಮಾತ್ರ ಸಲ್ಲುವುದೆಂದು ನಾನು ಈವರೆಗೆ ಭಾವಿಸಿದ್ದೆ.

2010ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಭವನದ ನೆಲದ ಮೇಲೆ ಹರಡಿದ 10 ಕೋಟಿ ಪಿಂಗಾಣಿಯ ಸೂರ್ಯಕಾಂತಿ ಬೀಜಗಳು ಅವರಿಗೆ ಜಗದ್ವಿಖ್ಯಾತಿಯನ್ನು ತಂದವು. ಪಿಂಗಾಣಿಗೆ ಶತಮಾನಗಳಿಂದ ಹೆಸರಾದ ಜಿಂಗ್‌ದೆಜೆನ್ ಪಟ್ಟಣದ ಸುಮಾರು 1,600 ಮಂದಿ ಕುಶಲಕರ್ಮಿಗಳು ಪ್ರತಿಯೊಂದು ಬೀಜವನ್ನೂ ಕುಂಚದಿಂದ ಬರೆದು ಬೇಯಿಸಿದ್ದರು. ಮಾವೋ ಸೂರ್ಯ, ಪ್ರಜೆಗಳು ಅವನ ಕಡೆಗೆ ಮುಖವೆತ್ತಿದ ಸೂರ್ಯಕಾಂತಿಗಳು ಎಂಬುದು ಆ ಕಾಲದ ಚೀನಾದ ಭಿತ್ತಿಚಿತ್ರಗಳ ರೂಪಕ. ದೂರದಿಂದ ನೋಡಿದವನಿಗೆ ಬೂದುಬಣ್ಣದ ಜಲ್ಲಿಯ ಹರವು. ಬಾಗಿ ಕೈಗೆತ್ತಿಕೊಂಡವನಿಗೆ ಒಂದರಂತೆ ಇನ್ನೊಂದಿಲ್ಲ. ಪಿಂಗಾಣಿಯ ಧೂಳು ಆರೋಗ್ಯಕ್ಕೆ ಕೇಡೆಂದು ಕೆಲವೇ ದಿನಗಳಲ್ಲಿ ಅದರ ಮೇಲೆ ನಡೆಯುವುದನ್ನು ನಿಷೇಧಿಸಿದರು.

2011ರ ಏಪ್ರಿಲ್ 3ರಂದು ಬೀಜಿಂಗ್ ವಿಮಾನನಿಲ್ದಾಣದಲ್ಲಿ ಅವರನ್ನು ಬಂಧಿಸಿ 81 ದಿನ ಅಜ್ಞಾತಸ್ಥಳದಲ್ಲಿಟ್ಟರು. ಊಟ, ನಿದ್ರೆ, ಸ್ನಾನ ಎಲ್ಲಕ್ಕೂ ಇಬ್ಬರು ಕಾವಲುಗಾರರು ಪಕ್ಕದಲ್ಲೇ. ಆ ಕೋಣೆಯನ್ನೂ 2013ರಲ್ಲಿ ಆರು ಕಬ್ಬಿಣದ ಪೆಟ್ಟಿಗೆಗಳಲ್ಲಿ ಮರುರಚಿಸಿ, ಸಣ್ಣ ಕಿಂಡಿಗಳಿಂದ ಇಣುಕಿ ನೋಡುವಂತೆ ವೆನಿಸ್ಸಿನಲ್ಲಿ ಪ್ರದರ್ಶಿಸಿದರು. ಪಾಸ್‌ಪೋರ್ಟ್ ಮರಳಿ ದೊರೆತದ್ದು 2015ರಲ್ಲಿ. ಅಂದಿನಿಂದ ಅವರ ವಾಸ ಯೂರೋಪಿನಲ್ಲಿ.

ಇಷ್ಟೆಲ್ಲದರ ನಡುವೆ ನನ್ನ ಮನಸ್ಸು ಮರಳಿ ಮರಳಿ ಹೋಗುವುದು ಗೋಡೆಗೆ ಅಂಟಿಸಿದ ಒಂದು ಪಟ್ಟಿಗೆ. ಮೃತ ಮಕ್ಕಳ ಹೆಸರುಗಳನ್ನು ಬಿಳಿಯ ಹಾಳೆಗಳ ಮೇಲೆ ಮುದ್ರಿಸಿ ಪ್ರದರ್ಶನಗಳಲ್ಲಿ ತೂಗುಹಾಕಿದ್ದಾರೆ. ಬಣ್ಣವಿಲ್ಲ, ಚಿತ್ರವಿಲ್ಲ. ಚೀನೀ ಲಿಪಿ ನನಗೆ ಬಾರದು. ಅಂಕಣಗಳನ್ನು ನನ್ನ ಶಿಷ್ಯನೇ ಬಿಡಿಸಿ ಹೇಳಿದ. ಹೆಸರು, ಗಂಡೋ ಹೆಣ್ಣೋ, ಹುಟ್ಟಿದ ತಾರೀಖು, ತರಗತಿ, ಶಾಲೆ. ಮೂವತ್ತು ವರ್ಷಗಳಿಂದ ಪ್ರತಿ ಜೂನ್ ತಿಂಗಳಲ್ಲಿ ನಾನು ಹಾಜರಿ ಪುಸ್ತಕದಲ್ಲಿ ಗೆರೆ ಎಳೆದು ತುಂಬುವ ಅಂಕಣಗಳು ಇವೇ. 2010ರ ಮೇ 12ರಂದು, ಭೂಕಂಪವಾಗಿ ಎರಡು ವರ್ಷ ತುಂಬಿದಾಗ, ಸ್ವಯಂಸೇವಕರು ಆ ಹೆಸರುಗಳನ್ನು ಒಂದೊಂದಾಗಿ ಓದಿ ಧ್ವನಿಮುದ್ರಿಸಿದರು. ಅದನ್ನು ಪೂರ್ತಿ ಕೇಳಲು 3 ಗಂಟೆ 41 ನಿಮಿಷ ಬೇಕು.