ಟೆಂಪಿಯ ಡಿಕ್ಕಿ ಮತ್ತು ಹೊಣೆಯ ಪ್ರಶ್ನೆ

ಸ್ವಯಂಚಾಲಿತ ಕಾರು ಗುದ್ದಿ ಪಾದಚಾರಿಯೊಬ್ಬರು ಸತ್ತ ಮೊದಲ ಪ್ರಕರಣ ನಡೆದದ್ದು 2018ರ ಮಾರ್ಚ್ 18ರ ರಾತ್ರಿ, ಅಮೆರಿಕದ ಆರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ. ಊಬರ್ ಪರೀಕ್ಷೆಗೆ ಬಿಟ್ಟಿದ್ದ ವೋಲ್ವೊ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿಯಿತು.

ಕಾರಿಗೆ ಆಕೆ ಕಾಣಲಿಲ್ಲವೆಂದಲ್ಲ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಂತೆ, ಡಿಕ್ಕಿಗೆ 5.6 ಸೆಕೆಂಡು ಮೊದಲೇ ರೇಡಾರ್ ಆಕೆಯನ್ನು ಪತ್ತೆಹಚ್ಚಿತ್ತು. ಆದರೆ ತಂತ್ರಾಂಶ ಒಮ್ಮೆ ವಾಹನವೆಂದಿತು, ಒಮ್ಮೆ ಬೇರೇನೋ ವಸ್ತುವೆಂದಿತು, ಮತ್ತೊಮ್ಮೆ ಸೈಕಲ್ ಎಂದಿತು. ಗುರುತು ಬದಲಾದಾಗಲೆಲ್ಲ ಹಿಂದಿನ ಚಲನೆಯ ಲೆಕ್ಕವನ್ನು ಕೈಬಿಟ್ಟು ಹೊಸದಾಗಿ ಶುರುಮಾಡಿತು. ಜೀಬ್ರಾ ಪಟ್ಟೆಯಿಲ್ಲದ ಕಡೆಯೂ ಜನ ರಸ್ತೆ ದಾಟುತ್ತಾರೆಂಬುದು ಮಗುವಿಗೂ ಗೊತ್ತು. ಆ ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ಸುಮ್ಮಸುಮ್ಮನೆ ಬ್ರೇಕ್ ಬೀಳದಿರಲೆಂದು ಅಪಾಯ ಕಂಡ ಮೇಲೂ 1 ಸೆಕೆಂಡು ತಡೆಯುವಂತೆ ಅದನ್ನು ರೂಪಿಸಲಾಗಿತ್ತು. ವೋಲ್ವೊದ ಸ್ವಂತ ತುರ್ತು ಬ್ರೇಕ್ ವ್ಯವಸ್ಥೆಯೂ ಆಗ ಬಂದ್ ಆಗಿತ್ತು. ಚಾಲಕರ ಸೀಟಿನಲ್ಲಿ ಕೂತು ನಿಗಾ ಇಡಬೇಕಿದ್ದ ಸಿಬ್ಬಂದಿಯ ಕಣ್ಣು ಮೊಬೈಲಿನ ಮೇಲಿತ್ತು.

ಇಂಥ ಕಾರು ಮುದುಕರನ್ನು ಉಳಿಸಬೇಕೋ ಮಕ್ಕಳನ್ನೋ ಎಂಬ ಒಗಟಿನ ಸುತ್ತಲೇ ನೈತಿಕ ಚರ್ಚೆ ಗಿರಕಿ ಹೊಡೆಯುವುದುಂಟು. ಸ್ವಯಂಚಾಲಿತ ವಾಹನಗಳ ಕುರಿತ ಜರ್ಮನಿಯ ನೈತಿಕತಾ ಆಯೋಗ 2017ರಲ್ಲೇ ಅದಕ್ಕೆ ಉತ್ತರಿಸಿದೆ: ತಪ್ಪಿಸಲಾಗದ ಅಪಘಾತದಲ್ಲಿ ವಯಸ್ಸು, ಲಿಂಗ ನೋಡಿ ಜನರ ನಡುವೆ ಭೇದ ಮಾಡುವಂತಿಲ್ಲ. ವಾಸ್ತವದಲ್ಲಿ ನೈತಿಕ ತೀರ್ಮಾನಗಳು ಕಾರು ರಸ್ತೆಗಿಳಿಯುವ ಮೊದಲೇ ಆಗಿರುತ್ತವೆ. ಆ 1 ಸೆಕೆಂಡಿನ ತಡೆ ಅಂಥದ್ದೊಂದು ತೀರ್ಮಾನ.

ಶಿಕ್ಷೆಯಾದದ್ದು ಮಾತ್ರ ಸೀಟಿನಲ್ಲಿದ್ದವರಿಗೆ. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ನಿಗಾ ಸಿಬ್ಬಂದಿ 2023ರಲ್ಲಿ ತಪ್ಪೊಪ್ಪಿಕೊಂಡು 3 ವರ್ಷಗಳ ಪ್ರೊಬೇಷನ್‌ಗೆ ಒಳಗಾದರು.